ಉಬುಂಟು ಲಿನಕ್ಸ್ ಹಾಕೋಕೆ ಹೋಗಿ ವಿಂಡೋಸೂ ಬೂಟ್ ಆಗ್ತಿಲ್ಲ, ಡಿಸ್ಕ್ ಫಾರ್ಮ್ಯಾಟ್ ಮಾಡಿಸ್ಲೇಬೇಕಾ?

ಬೇಡ. ಸದ್ಯಕ್ಕೆ ಫಾರ್ಮ್ಯಾಟ್ ಮಾತೇ ಬೇಡ.

ನೀವು ಬರೆದಿದ್ದು ನೋಡಿದ್ರೆ, ವಿಂಡೋಸ್ 11 ಜೊತೆಗೆ ಬಂದ ಲ್ಯಾಪ್‌ಟಾಪ್. ಶಿವಮೊಗ್ಗದ ರೂಮಿನಲ್ಲಿ ಗೆಳೆಯರು ಹೇಳಿದ್ರು ಅಂತ ಸೆಟಪ್‌ಗೆ (ಆನ್ ಆಗುವಾಗ ಕೀ ಒತ್ತಿ ತೆರೆಯೋ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್ ಫೈಲನ್ನ ತಡೆಯೋ ಕಾವಲು) ಆಫ್ ಮಾಡಿ ಲೆಗಸಿ (ಹಳೇ ಕಂಪ್ಯೂಟರ್‌ಗಳ ರೀತಿ ಶುರುವಾಗೋ ಮೋಡ್) ಆನ್ ಮಾಡಿದ್ದೀರಿ. ಖಾಲಿ ಜಾಗದಲ್ಲಿ ಉಬುಂಟು ಹಾಕುವಾಗ ಕೊನೇಲಿ ಅದನ್ನ ಶುರುಮಾಡೋ ಗ್ರಬ್ ಅನ್ನೋ ಪ್ರೋಗ್ರಾಂ ಕೂರಲಿಲ್ಲ. ಈಗ ಆನ್ ಮಾಡಿದ್ರೆ ಬೂಟ್ ಡಿವೈಸೇ ಇಲ್ಲ ಅಂತಿದೆ. ಹಾಗಿದ್ರೆ ಮೊದಲು ಲೆಗಸಿ ಆಫ್ ಮಾಡಿ, ಈಗಿನ ಲ್ಯಾಪ್‌ಟಾಪ್‌ಗಳ ಮೋಡಾದ ಯುಇಎಫ್‌ಐಗೇ ವಾಪಸ್ ಇಡಿ, ಸೆಕ್ಯೂರ್ ಬೂಟೂ ಆನ್ ಮಾಡಿ. ವಿಂಡೋಸ್ ಬಂದೇ ಬರುತ್ತೆ ಅನ್ನೋದು ನನ್ನ ಅಂದಾಜು.

ಯಾಕೆ ಅಂದ್ರೆ, ಹಳೇ ಬಯೋಸ್‌ಗೆ (ಆನ್ ಮಾಡಿದ ಕೂಡಲೇ ಓಡೋ ಯಂತ್ರದೊಳಗಿನ ಪ್ರೋಗ್ರಾಂ) ಗೊತ್ತಿದ್ದಿದ್ದು ಒಂದೇ ದಾರಿ: ಡಿಸ್ಕಿನ ಮೊದಲ 512 ಬೈಟ್ ಓದು, ಅಲ್ಲಿರೋ ಪುಟ್ಟ ಕೋಡಿಗೆ ಕೆಲಸ ಒಪ್ಪಿಸು. ಯುಇಎಫ್‌ಐ ಹಾಗಲ್ಲ. ಅದು ಡಿಸ್ಕಿನಲ್ಲಿ ಫ್ಯಾಟ್32 ಮಾದರಿಯ ಒಂದು ಸಣ್ಣ ಪಾರ್ಟಿಷನ್ ಹುಡುಕಿ, ಅದರೊಳಗಿನ ಬೂಟ್ ಫೈಲನ್ನ ಓಡಿಸುತ್ತೆ. ನಿಮ್ಮ ಡಿಸ್ಕ್ ಜಿಪಿಟಿ, ಅಂದ್ರೆ ಯುಇಎಫ್‌ಐ ಜೊತೆ ಬಳಸೋ ಪಾರ್ಟಿಷನ್ ಪಟ್ಟಿಯ ಮಾದರಿ. ಲೆಗಸಿಗೆ ಇಟ್ಟಾಗ ಯಂತ್ರ ಮೊದಲ ಸೆಕ್ಟರ್ ಇಣುಕಿ, ಓಡಿಸೋಕೆ ಏನೂ ಸಿಗದೆ ಸುಮ್ಮನಾಗಿದೆ. ವಿಂಡೋಸ್ ಪಕ್ಕದಲ್ಲೇ ಇದೆ, ಕೇಳೋರಿಲ್ಲ ಅಷ್ಟೆ. ಗ್ರಬ್ ಎಡವಿದ್ದೂ ಇದಕ್ಕೇ: ಪೆನ್‌ಡ್ರೈವ್ ಯಾವ ಮೋಡಿನಲ್ಲಿ ಬೂಟ್ ಆಗುತ್ತೋ ಸಾಮಾನ್ಯವಾಗಿ ಅದೇ ಮೋಡಿಗೆ ಇನ್‌ಸ್ಟಾಲ್ ಆಗುತ್ತೆ. ಲೆಗಸಿ ಗ್ರಬ್‌ಗೆ ಜಿಪಿಟಿ ಡಿಸ್ಕಿನಲ್ಲಿ ತನಗೇ ಅಂತ ಬೇರೆ ಪುಟ್ಟ ಪಾರ್ಟಿಷನ್ ಬೇಕು, ಅದು ನಿಮ್ಮಲ್ಲಿ ಇರಲ್ಲ.

ಇದನ್ನ ಪುಸ್ತಕ ಓದಿ ಹೇಳ್ತಿಲ್ಲ. ಹಿಂದೊಂದು ಆಷಾಢದಲ್ಲಿ ತೀರ್ಥಹಳ್ಳಿ ಕಡೆ ಅಕ್ಕನ ಮನೆಗೆ ಹೋದಾಗ ಅವಳ ಮಗನ ಲ್ಯಾಪ್‌ಟಾಪಲ್ಲಿ ನಾನೂ ಇದೇ ಕಿತಾಪತಿ ಮಾಡಿದ್ದೆ. ಎಲ್ಲ ಸರಿಮಾಡಿ ಯುಇಎಫ್‌ಐಗೆ ತಂದೆ, ನೋಡಿದ್ರೆ ನೀಲಿ ಪರದೆ, ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್‌ನ ರಿಕವರಿ ಕೀ ಕೊಡು ಅಂತ! 48 ಅಂಕಿ. ಕೀ ಇರೋದು ಮೈಕ್ರೋಸಾಫ್ಟ್ ಅಕೌಂಟಿನಲ್ಲಿ, ನೆಟ್‌ವರ್ಕ್ ಸಿಗೋದು ಮನೆ ಹಿಂದಿನ ಗುಡ್ಡದ ಮೇಲೆ. ಕೊಡೆ ಹಿಡಿದು ಹತ್ತಿ, ಅಡಿಕೆ ಮಂಡಿ ಚೀಟಿಯ ಹಿಂದೆ ಅಷ್ಟೂ ಬರ್ಕೊಂಡು ಇಳಿಯೋ ಹೊತ್ತಿಗೆ ಕಾಲಲ್ಲಿ ನಾಲ್ಕು ಉಂಬಳ, ಚೀಟಿಯಲ್ಲಿ ಎರಡು ಅಂಕಿ ಮಳೆಗೆ ಕಲಸಿಹೋಗಿತ್ತು. ಪುಣ್ಯಕ್ಕೆ ಆ ಕೀಯಲ್ಲಿ ಆರಾರು ಅಂಕಿಯ ಎಂಟು ಗುಂಪು, ಪ್ರತಿ ಗುಂಪೂ 11ರಿಂದ ಭಾಗ ಆಗಬೇಕು. ಹಾಗಾಗಿ ಅಳಿಸಿದ್ದನ್ನ ಲೆಕ್ಕ ಹಾಕಿ ಹಿಡಿದೆ. 'ಕಂಪ್ಯೂಟರ್ ಕಲ್ತೋನು ಅಂತ ಕರೆದ್ರೆ ಇದ್ದಿದ್ದನ್ನೂ ಕಳೀತಿದ್ಯಲ್ಲೋ' ಅಂತ ಅಕ್ಕ ಇವತ್ತಿಗೂ ಆಡ್ಕೋತಾಳೆ. ನೀವು ಮಾತ್ರ ಸೆಟಪ್ ಮುಟ್ಟೋ ಮೊದಲೇ ಫೋನಿನಲ್ಲಿ ಅಕೌಂಟ್ ತೆರೆದು ಕೀ ಬರ್ಕೊಳ್ಳಿ.

ವಿಂಡೋಸ್ ಬಂದ ಮೇಲೆ ಉಬುಂಟು ಪೆನ್‌ಡ್ರೈವನ್ನ ರೂಫಸ್ ಅನ್ನೋ ಪ್ರೋಗ್ರಾಂನಲ್ಲಿ ಜಿಪಿಟಿ, ಯುಇಎಫ್‌ಐ ಆರಿಸಿ ಹೊಸದಾಗಿ ಮಾಡಿ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡ್ರೆ, ಹೆಸರಿನ ಮುಂದೆ ಯುಇಎಫ್‌ಐ ಅಂತ ಇರೋದನ್ನೇ ಒತ್ತಿ. ಅನುಮಾನ ಇದ್ರೆ ಇನ್‌ಸ್ಟಾಲ್ ಬಟನ್ ಒತ್ತೋ ಮೊದಲು 'ಟ್ರೈ ಉಬುಂಟು'ಗೆ ಹೋಗಿ, ಸಿಸ್ ಫೋಲ್ಡರ್, ಅದರೊಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಅನ್ನೋ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ರೆ ಮತ್ತೆ ಲೆಗಸಿಯಲ್ಲೇ ಬಂದಿದ್ದೀರಿ, ರೀಸ್ಟಾರ್ಟ್ ಮಾಡಿ. ಸೆಕ್ಯೂರ್ ಬೂಟ್ ಆಫ್ ಮಾಡಬೇಕಿಲ್ಲ, ಉಬುಂಟುವಿನ ಬೂಟ್ ಫೈಲಿಗೆ ಮೈಕ್ರೋಸಾಫ್ಟ್ ಸಹಿ ಇದೆ. ಪಾರ್ಟಿಷನ್ ಕೈಯಾರೆ ಮಾಡೋದಾದ್ರೆ ವಿಂಡೋಸಿನ ಆ ಸಣ್ಣ ಇಎಫ್‌ಐ ಪಾರ್ಟಿಷನ್ನನ್ನೇ ಬಳಸಿ, ಆದರೆ ಅದರ ಫಾರ್ಮ್ಯಾಟ್ ಟಿಕ್ ತೆಗೀರಿ. ವಿಂಡೋಸ್, ಉಬುಂಟು ಇಬ್ಬರೂ ಬೇರೆ ಬೇರೆ ಫೋಲ್ಡರಿನಲ್ಲಿ ಇರ್ತಾರೆ, ಜಗಳ ಇಲ್ಲ.

ಬ್ಯಾಟರಿ ತುಂಬಿಸ್ಕೊಂಡೇ ಕೂತ್ಕೊಳ್ಳಿ. ನಮ್ಮ ಕಡೆ ಮಳೆಗಾಲದ ಕರೆಂಟನ್ನ ನಂಬೋ ಹಾಗಿಲ್ಲ.

ಎಲ್ಲ ಆದ್ಮೇಲೂ ನೇರ ವಿಂಡೋಸೇ ಬಂದ್ರೆ ಹೆದರಬೇಡಿ. ಸೆಟಪ್‌ನಲ್ಲಿ ಬೂಟ್ ಆರ್ಡರ್‌ಗೆ ಹೋಗಿ ಉಬುಂಟುವನ್ನ ಮೇಲಕ್ಕೆ ತನ್ನಿ. ಕೆಲವು ಮಾಡೆಲ್‌ಗಳಲ್ಲಿ ಸೆಟಪ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಇಟ್ಟು ಉಬುಂಟುವಿನ ಬೂಟ್ ಫೈಲನ್ನ ನಂಬಿಕಸ್ತರ ಪಟ್ಟಿಗೆ ಸೇರಿಸೋವರೆಗೂ ಅದು ಮೇಲೇಳಲ್ಲ. ಪಾಸ್‌ವರ್ಡ್ ಎಲ್ಲಾದ್ರೂ ಬರೆದಿಡಿ, ಮರೆತ್ರೆ ಅದು ಬೇರೆಯೇ ರಾಮಾಯಣ. ಅಲ್ಲೂ ಬಗ್ಗದಿದ್ರೆ ಮಾಡೆಲ್ ನಂಬರ್ ಇಲ್ಲೇ ಕೆಳಗೆ ಹಾಕಿ, ನೋಡ್ತೀನಿ.