ದ್ರವವನ್ನು ಯಾರೂ ಕಂಡಿಲ್ಲ: ಒಬ್ಬ ಹೊಸ ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ನೀವು ಕಳಿಸಿದ 'ಪ್ರಯೋಗಾಲಯದಲ್ಲಿ ಪುಟ್ಟ ಬ್ರಹ್ಮಾಂಡ' ಲೇಖನ ಓದಿದೆ. ಈಗಿರುವ ರೂಪದಲ್ಲಿ ಪತ್ರಿಕೆಯಲ್ಲಿ ಹಾಕಲು ಬರುವುದಿಲ್ಲ. ಹಾಗೆಂದು 'ವಿಷಾದಪೂರ್ವಕ ಹಿಂದಿರುಗಿಸಲಾಗಿದೆ' ಎಂದು ಚೀಟಿ ಅಂಟಿಸಿ ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ಭಾರವಾದ ಪರಮಾಣುಗಳ ನ್ಯೂಕ್ಲಿಯಸ್‌ಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿದಾಗ ಅವುಗಳ ಪ್ರೋಟಾನ್, ನ್ಯೂಟ್ರಾನ್‌ಗಳು ಕರಗಿ, ಒಳಗಿನ ಕ್ವಾರ್ಕ್, ಗ್ಲುಆನ್ ಎಂಬ ಕಣಗಳ ದ್ರವ ಕ್ಷಣಮಾತ್ರ ಹುಟ್ಟುತ್ತದೆ, ಬ್ರಹ್ಮಾಂಡ ಹುಟ್ಟಿದ ಗಳಿಗೆಯಲ್ಲಿ ಇದ್ದಂಥದ್ದು. ಇದನ್ನು ಕನ್ನಡದಲ್ಲಿ ಬರೆಯಲು ಹೊರಡುವವರೇ ಕಡಿಮೆ. ಹೊರಟವರೂ ಎರಡನೇ ಪುಟಕ್ಕೆ ಹಿಗ್ಸ್ ಬೋಸಾನ್ ಕಡೆ ಹೊರಳಿಬಿಡುತ್ತಾರೆ. ನೀವು ಹೊರಳಲಿಲ್ಲ. ಅದಕ್ಕೇ ಇಷ್ಟು ಉದ್ದದ ಪತ್ರ.

ಸುಲಭದ್ದನ್ನು ಮೊದಲು ಮುಗಿಸುತ್ತೇನೆ. ಸೃಷ್ಟಿಯ ಬಗೆಗಿನ ಶ್ಲೋಕದಿಂದ ಶುರುವಾಗುವ ಮೊದಲ ಎರಡು ಪ್ಯಾರಾ ತೆಗೆದುಹಾಕಿ. ಈ ವಿಜ್ಞಾನದಲ್ಲಿ ನಮ್ಮವರ ಪಾಲು ಏನೆಂದು ಹೇಳಲೇಬೇಕಿದ್ದರೆ ಶ್ಲೋಕದ ಹಂಗು ಬೇಡ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಸ್ಟಾರ್ ಪ್ರಯೋಗದಲ್ಲೂ ಆಮೇಲೆ ಯೂರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಆಲಿಸ್ ಪ್ರಯೋಗದಲ್ಲೂ ಫೋಟಾನ್‌ಗಳನ್ನು ಎಣಿಸುವ ಡಿಟೆಕ್ಟರ್ ಕೂಡಿಸಿದ್ದು ಭಾರತದ ತಂಡ. ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಸೆಂಟರ್ ಮುಂದಾಳು. ಜೊತೆಗೆ ಭುವನೇಶ್ವರ, ಚಂಡೀಗಢ, ಜೈಪುರ, ಜಮ್ಮುವಿನವರು. ಒಂದು ವಾಕ್ಯ ಸಾಕು. 'ಸೂರ್ಯನಿಗಿಂತ ಕೋಟಿ ಪಟ್ಟು ಬಿಸಿ' ಎಂಬುದನ್ನೂ ತಿದ್ದಿ. ಬ್ರೂಕ್‌ಹೇವನ್‌ನವರು 2010ರಲ್ಲಿ ಆ ದ್ರವದ ಬಿಸಿ ಎಂದು ಹೇಳಿದ್ದು ಸುಮಾರು 4 ಲಕ್ಷ ಕೋಟಿ ಡಿಗ್ರಿ. ಸೂರ್ಯನ ಒಡಲಿನ ಬಿಸಿಯ ಎರಡೂವರೆ ಲಕ್ಷ ಪಟ್ಟು. ಅದೇನು ಕಡಿಮೆಯೇ?

ಇನ್ನು ನನ್ನ ಮುಖ್ಯ ತಕರಾರು. ಮೂರನೇ ಪುಟದಲ್ಲಿ 'ವಿಜ್ಞಾನಿಗಳು ಆ ಆದಿಮ ದ್ರವವನ್ನು ಕಣ್ಣಾರೆ ಕಂಡರು' ಎಂದು ಬರೆದು ಮುಂದೆ ಹೋಗಿದ್ದೀರಿ. ಯಾರೂ ಕಂಡಿಲ್ಲ. ಒಂದು ಮಿಲಿಮೀಟರನ್ನು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ಹತ್ತು ಹದಿನೈದು ಭಾಗದಷ್ಟು ಅಗಲದ ವಸ್ತು ಅದು. ಅದರ ಆಯಸ್ಸನ್ನು ಸೆಕೆಂಡಿನಲ್ಲಿ ಬರೆಯಹೊರಟರೆ ದಶಮಾಂಶದ ಚುಕ್ಕೆಯ ನಂತರ ಇಪ್ಪತ್ತೆರಡು ಸೊನ್ನೆ ಬೇಕು. ಡಿಟೆಕ್ಟರಿಗೆ ಬಂದು ತಲುಪುವುದು ಅದು ಚದುರಿಹೋದ ಮೇಲಿನ ಪಯಾನ್, ಕೇಯಾನ್ ಎಂಬ ಕಣಗಳು, ಪ್ರೋಟಾನ್‌ಗಳು ಮಾತ್ರ. ನೇರಾನೇರ ಡಿಕ್ಕಿಯಾದರೆ ಅಂಥವು ಸಾವಿರಾರು. ಪ್ರತಿಯೊಂದೂ ಯಾವ ಕೋನದಲ್ಲಿ, ಎಷ್ಟು ಸಂವೇಗದಲ್ಲಿ ಹೋಯಿತು ಎಂಬ ಪಟ್ಟಿ ಬಿಟ್ಟರೆ ಕೈಯಲ್ಲಿ ಬೇರೇನೂ ಇಲ್ಲ. ಆ ಪಟ್ಟಿಯಿಂದ 'ಇದು ದ್ರವ' ಎಂಬ ತೀರ್ಮಾನಕ್ಕೆ ಹೇಗೆ ಬಂದರು? ನಿಮ್ಮ ಲೇಖನ ಇರಬೇಕಾದದ್ದೇ ಅದರ ಬಗ್ಗೆ. ಅದನ್ನು ನೀವು 'ಕಣಗಳ ಸಹಸಂಬಂಧಗಳ ವಿಶ್ಲೇಷಣೆಯಿಂದ' ಎಂಬ ಮೂರೇ ಪದಗಳಲ್ಲಿ ಮುಗಿಸಿದ್ದೀರಿ.

ನಾನಾಗಿದ್ದರೆ ಹೀಗೆ ಬಿಡಿಸಿ ಹೇಳುತ್ತಿದ್ದೆ. ಎರಡು ಚಿನ್ನದ ನ್ಯೂಕ್ಲಿಯಸ್‌ಗಳು ಬಹುಪಾಲು ಸಲ ನಟ್ಟನಡುವೆ ಗುದ್ದಿಕೊಳ್ಳುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು ಗುದ್ದುತ್ತವೆ. ಒಂದರ ಮೇಲೊಂದು ಬೀಳುವ ಭಾಗ ಆಗ ಬಾದಾಮಿಯ ಆಕಾರದಲ್ಲಿರುತ್ತದೆ. ಒಳಗಿನ ಕಣಗಳು ಒಂದನ್ನೊಂದು ತಾಕದೆ ಹೊರಬಿದ್ದರೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗಬೇಕು. ಒಟ್ಟಾಗಿ ತಳ್ಳಿಕೊಂಡರೆ ಬಾದಾಮಿಯ ಆಕಾರ ಹೊರಗಿನ ಕೋನಗಳಲ್ಲಿ ಮೂಡಬೇಕು. ಈ ಪರೀಕ್ಷೆಯನ್ನು ಫ್ರಾನ್ಸಿನ ಜಾನ್-ಈವ್ ಒಲಿತ್ರೋ 1992ರಲ್ಲೇ ಸೂಚಿಸಿದ್ದರು.

ಇಲ್ಲಿ ನೀವು ದಿಕ್ಕನ್ನೇ ತಿರುಗುಮುರುಗು ಮಾಡಿದ್ದೀರಿ. ಬಾದಾಮಿಯ ಚೂಪು ತುದಿಗಳಿಂದ ಹೆಚ್ಚು ಕಣ ಚಿಮ್ಮುತ್ತವೆ ಎಂದಿದ್ದೀರಿ. ಚಿಮ್ಮುವುದು ಅಗಲ ಕಡಿಮೆಯಿರುವ ಮಗ್ಗುಲಿನ ಕಡೆಗೆ. ನಡುವಿನ ಒತ್ತಡ ಎಲ್ಲ ಕಡೆಗೂ ಒಂದೇ. ಹೊರಗಿನ ಶೂನ್ಯಕ್ಕೆ ಇರುವ ದೂರ ಆ ಕಡೆ ಕಡಿಮೆಯಾದ್ದರಿಂದ ಒತ್ತಡ ಅಲ್ಲಿ ಕಡಿದಾಗಿ ಇಳಿಯುತ್ತದೆ, ತಳ್ಳುವಿಕೆ ಹೆಚ್ಚು. ನಿಮ್ಮ ಐದು ಹೋಲಿಕೆಗಳಲ್ಲಿ ಜಾತ್ರೆಯ ನೂಕುನುಗ್ಗಲೊಂದನ್ನು ಇಟ್ಟುಕೊಂಡು ಇಲ್ಲಿ ಬಳಸಿ. ಜನ ವಿರಳವಾಗಿದ್ದರೆ ಯಾರ ದಾರಿ ಅವರದು. ಭುಜಕ್ಕೆ ಭುಜ ತಾಗಿ ನಿಂತಿದ್ದರೆ ನಡುವಿನ ನೂಕು ಕೊನೆಯವನವರೆಗೂ ಮುಟ್ಟಿ, ಬಯಲು ಹತ್ತಿರವಿರುವ ಕಡೆಗೆ ಎಲ್ಲರೂ ಒಟ್ಟಿಗೆ ಹೊರಬೀಳುತ್ತಾರೆ. ಉಳಿದ ನಾಲ್ಕು ಬೇಡ.

ಪರಿಣಾಮ ಎಷ್ಟು ದೊಡ್ಡದು ಎಂದು ಓದುಗರಿಗೆ ಅಂಕಿಯಲ್ಲಿ ಕೊಡಿ. 2000ದಲ್ಲಿ ಬ್ರೂಕ್‌ಹೇವನ್‌ನ ರಿಕ್ ಎಂಬ ಡಿಕ್ಕಿ ಹೊಡೆಸುವ ಯಂತ್ರ ಶುರುವಾದ ವರ್ಷವೇ ಸ್ಟಾರ್ ತಂಡ ಇದನ್ನು ಅಳೆಯಿತು. ಪಕ್ಕಕ್ಕೆ ಸರಿದ ಡಿಕ್ಕಿಗಳಲ್ಲಿ ಈ ಹರಿವಿನ, ಅಂದರೆ ಕಣಗಳು ಒಟ್ಟಾಗಿ ಮಗ್ಗುಲಿಗೆ ಹೆಚ್ಚು ಹೊರಬೀಳುವುದರ, ಗುಣಾಂಕ 0.06ರವರೆಗೆ ಹೋಯಿತು. ಕಣಗಳ ಏರಿಳಿತ ಗುಣಾಂಕದ ಎರಡು ಪಟ್ಟು. ಅಂದರೆ ಸರಾಸರಿ 100 ಕಣ ಬರಬೇಕಾದ ಕಡೆ, ಕಿರಿದಾದ ಮಗ್ಗುಲಿಗೆ 112, ಉದ್ದದ ಕಡೆಗೆ 88.

ಈಗ ನಿಮ್ಮ ಓದುಗ ಕೇಳಲೇಬೇಕಾದ ಪ್ರಶ್ನೆ: ಬಾದಾಮಿ ಯಾವ ಕಡೆ ವಾಲಿದೆ ಎಂದು ಗೊತ್ತಾಗುವುದು ಹೇಗೆ? ಪ್ರತಿ ಡಿಕ್ಕಿಯಲ್ಲೂ ಅದು ಬೇರೆ ಬೇರೆ ಕಡೆಗೆ ತಿರುಗಿರುತ್ತದೆ. ಎಲ್ಲವನ್ನೂ ಸುಮ್ಮನೆ ಕೂಡಿಸಿದರೆ 112 ಮತ್ತು 88 ಬೆರೆತು ಮತ್ತೆ 100 ಆಗುತ್ತದೆ. ಇಲ್ಲಿ ಕೈಹಿಡಿಯುವುದು ಜೋಡಿಗಳು. ಒಂದೇ ಡಿಕ್ಕಿಯ ಎರಡು ಕಣ ತೆಗೆದುಕೊಂಡು ಅವುಗಳ ನಡುವಿನ ಕೋನ ಮಾತ್ರ ನೋಡಿ. ಬಾದಾಮಿ ಎತ್ತ ತಿರುಗಿದ್ದರೂ ಕಣಗಳು ಅದರ ಎರಡು ಮಗ್ಗುಲಿಗೇ ಹೆಚ್ಚು ಹೋಗಿರುವುದರಿಂದ 0 ಮತ್ತು 180 ಡಿಗ್ರಿ ಅಂತರದ ಜೋಡಿಗಳು ಹೆಚ್ಚು ಸಿಗುತ್ತವೆ, 90ರವು ಕಡಿಮೆ. ವ್ಯತ್ಯಾಸ ಮಾತ್ರ ಬಲು ಸಣ್ಣದು. ಗುಣಾಂಕ 0.06 ಇದ್ದಾಗ ಜೋಡಿಗಳಲ್ಲಿನ ಏರಿಳಿತ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಸಾವಿರ ಕಣಗಳಿಂದ ಸುಮಾರು ಐದು ಲಕ್ಷ ಜೋಡಿ ಆಗುತ್ತವೆ, ಡಿಕ್ಕಿಗಳೂ ಲಕ್ಷಗಟ್ಟಲೆ.

ಡಿಟೆಕ್ಟರಿನಲ್ಲಿ ಒಂದು ತುಂಡು ಕೆಟ್ಟಿದ್ದರೆ ಅದೂ ಲೆಕ್ಕದಲ್ಲಿ ಸುಳ್ಳು ಉಬ್ಬುತಗ್ಗು ತರುತ್ತದೆ. ಅದಕ್ಕೆ ಅವರು ಮಾಡುವ ಉಪಾಯ ನನಗೆ ಬಹಳ ಇಷ್ಟ: ಒಂದು ಡಿಕ್ಕಿಯ ಕಣವನ್ನು ಬೇರೊಂದು ಡಿಕ್ಕಿಯ ಕಣದ ಜೊತೆ ಜೋಡಿಮಾಡುತ್ತಾರೆ. ಒಂದಕ್ಕೊಂದು ಏನೂ ಸಂಬಂಧವಿಲ್ಲದ ಆ ಜೋಡಿಗಳಲ್ಲೂ ಕಾಣುವ ಉಬ್ಬುತಗ್ಗು ಯಂತ್ರದ್ದೇ ತಾನೆ? ನಿಜವಾದ ಜೋಡಿಗಳ ಲೆಕ್ಕವನ್ನು ಅದರಿಂದ ಭಾಗಿಸಿದರೆ ಯಂತ್ರದ ದೋಷ ಬಹುಮಟ್ಟಿಗೆ ಕಳೆದುಹೋಗುತ್ತದೆ. ಇಂಥದ್ದು ಒಂದು ಪ್ಯಾರಾ ಇದ್ದರೆ ಲೇಖನಕ್ಕೆ ಜೀವ ಬರುತ್ತದೆ.

ಒಂದು ಎಚ್ಚರವೂ ಬೇಕು. ಜೋಡಿ ಸಿಕ್ಕಿತೆಂದ ಮಾತ್ರಕ್ಕೆ ಹರಿವು ಸಿಕ್ಕಿತು ಎಂದಲ್ಲ. ಒಂದೇ ಕ್ವಾರ್ಕ್‌ನಿಂದ ಚಿಮ್ಮಿದ ಕಣಗಳ ಗೊಂಚಲು, ಒಂದೇ ತಾಯಿಕಣ ಒಡೆದು ಹುಟ್ಟಿದವು, ಇವೂ ಜೊತೆಜೊತೆಗೇ ಓಡುತ್ತವೆ. ಅದಕ್ಕೇ ನ್ಯೂಕ್ಲಿಯಸ್‌ಗಳು ಬರುವ ದೂಲದ (ಬೀಮಿನ) ದಿಕ್ಕಿನಲ್ಲಿ ದೂರದೂರ ಇರುವ ಕಣಗಳನ್ನಷ್ಟೇ ಜೋಡಿಮಾಡುತ್ತಾರೆ, ಇಲ್ಲವೇ ನಾಲ್ಕು, ಆರು, ಎಂಟು ಕಣಗಳನ್ನು ಒಟ್ಟಿಗೆ ನೋಡುತ್ತಾರೆ. ಕುಟುಂಬದ ನಂಟು ಆಗ ಸೋರಿಹೋಗುತ್ತದೆ, ಇಡೀ ಗುಂಪಿನ ಹರಿವು ಉಳಿಯುತ್ತದೆ.

ಮುಂದಿನದು ದೊಡ್ಡ ತಪ್ಪು. 'ಪ್ರೋಟಾನಿನಲ್ಲಿ ಮೂರು ಕ್ವಾರ್ಕ್ ಇರುವುದರಿಂದ ತ್ರಿಕೋನ ಹರಿವು' ಎಂದು ಬರೆದಿದ್ದೀರಿ. ಎಲ್ಲಿಂದ ತಂದಿರೋ! ನಿಜವಾದ ಕಥೆ ಇದಕ್ಕಿಂತ ಎಷ್ಟೋ ಸೊಗಸಾಗಿದೆ. ಬಾದಾಮಿಯ ಎರಡು ಮಗ್ಗುಲೂ ಒಂದೇ ಥರ ಇರುವುದರಿಂದ ತ್ರಿಕೋನದ ಭಾಗ, ಅಂದರೆ ಕಣಗಳು ಎರಡರ ಬದಲು ಮೂರು ದಿಕ್ಕಿಗೆ ಹೆಚ್ಚು ಚಿಮ್ಮುವುದು, ಸೊನ್ನೆ ಎಂದೇ ಬಹಳ ಕಾಲ ನಂಬಿದ್ದರು. ಆದರೆ ಯಾವ ಕೋನಕ್ಕೆ ಎಷ್ಟು ಜೋಡಿ ಎಂದು ತೋರಿಸುವ ನಕ್ಷೆಯಲ್ಲಿ ಎದುರು ಬದಿಗೆ (180 ಡಿಗ್ರಿಯ ಸುತ್ತ) ಒಂದು ಗುಡ್ಡ ಇರಬೇಕಾದ ಕಡೆ ಎರಡು ಡುಬ್ಬಗಳು ಕಾಣುತ್ತಿದ್ದವು. ದ್ರವವನ್ನು ಸೀಳಿಕೊಂಡು ಹೋಗುವ ಕ್ವಾರ್ಕ್ ಎಬ್ಬಿಸಿದ ಆಘಾತದ ಅಲೆ ಅದು ಎಂದು ವರ್ಷಗಟ್ಟಲೆ ಪ್ರಬಂಧಗಳು ಬಂದವು. 2010ರಲ್ಲಿ ಎಂಐಟಿಯ ಬುರಾಕ್ ಆಲ್ವರ್ ಮತ್ತು ಗುಂಟರ್ ರೋಲಂಡ್ ಬೇರೆಯದೇ ಹೇಳಿದರು. ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನ್, ನ್ಯೂಟ್ರಾನ್‌ಗಳು ನುಣ್ಣಗೆ ಹರಡಿಕೊಂಡಿಲ್ಲ. ಡಿಕ್ಕಿಯ ಗಳಿಗೆಯಲ್ಲಿ ಒಂದೊಂದು ಸಲ ಒಂದೊಂದು ಕಡೆ ಗುಂಪುಗೂಡಿರುತ್ತವೆ. ಬಾದಾಮಿಯ ಅಂಚು ಆದ್ದರಿಂದ ಪ್ರತಿಸಲವೂ ಸೊಟ್ಟ, ಆ ಸೊಟ್ಟಿನಲ್ಲಿ ತ್ರಿಕೋನದ ಪಾಲೂ ಇರುತ್ತದೆ. ತ್ರಿಕೋನ ಹರಿವು ಜೋಡಿಗಳನ್ನು 0, 120, 240 ಡಿಗ್ರಿಯಲ್ಲಿ ಪೇರಿಸುತ್ತದೆ. ಎದುರು ಬದಿಯ ಎರಡು ಡುಬ್ಬಗಳಿಗೆ ಅಷ್ಟು ಸಾಕಾಯಿತು, ಆಘಾತದ ಅಲೆ ಬೇಕಾಗಲಿಲ್ಲ.

'ನಿರೀಕ್ಷೆಯಂತೆ ದ್ರವ ಸಿಕ್ಕಿತು' ಎಂಬುದೂ ನಿಲ್ಲುವುದಿಲ್ಲ. ಅಷ್ಟು ಬಿಸಿಯಲ್ಲಿ ಕ್ವಾರ್ಕ್, ಗ್ಲುಆನ್‌ಗಳು ಹೆಚ್ಚುಕಡಿಮೆ ಬಿಡಿಬಿಡಿಯಾಗಿ ಅನಿಲದಂತೆ ಓಡಾಡುತ್ತವೆ ಎಂದೇ ಬಹಳ ಜನ ಎಣಿಸಿದ್ದರು. 2005ರ ಏಪ್ರಿಲ್‌ನಲ್ಲಿ ರಿಕ್‌ನ ನಾಲ್ಕೂ ಪ್ರಯೋಗಗಳು ಒಟ್ಟಾಗಿ 'ಪರಿಪೂರ್ಣ ದ್ರವಕ್ಕೆ ಹತ್ತಿರ' ಎಂದಾಗ ಸುದ್ದಿಯಾದದ್ದು ಆ ಕಾರಣಕ್ಕೆ. 'ನೀರಿಗಿಂತ ತೆಳ್ಳಗೆ' ಎಂಬ ನಿಮ್ಮ ಮಾತನ್ನೂ ಹೊಡೆದುಹಾಕಿ. ಬರೀ ಸ್ನಿಗ್ಧತೆ (ಹರಿಯುವುದಕ್ಕೆ ಒಳಗಿನ ತಡೆ) ನೋಡಿದರೆ ಅದು ಡಾಂಬರಿಗಿಂತ ನೂರಾರು ಪಟ್ಟು ಗಟ್ಟಿ. ಕಡಿಮೆ ಇರುವುದು ಸ್ನಿಗ್ಧತೆಗೂ ಎಂಟ್ರೋಪಿ ಸಾಂದ್ರತೆಗೂ (ಇಂತಿಷ್ಟು ಜಾಗದಲ್ಲಿರುವ ಅವ್ಯವಸ್ಥೆಯ ಅಳತೆ) ಇರುವ ಅನುಪಾತ. 'ಪರಿಪೂರ್ಣ' ಎನ್ನುವುದು ಆ ಲೆಕ್ಕದಲ್ಲಿ.

ಕೊನೆಯ ಪ್ಯಾರಾದಲ್ಲಿ 'ಹೀಗೆ ರಹಸ್ಯ ಬಯಲಾಯಿತು' ಎಂದು ಮಂಗಳ ಹಾಡಿದ್ದೀರಿ. ಬದಲಿಗೆ ಬರೀ ಪ್ರೋಟಾನ್‌ಗಳ ಡಿಕ್ಕಿಗೆ ಬನ್ನಿ. ಸರ್ನ್‌ನ ಸಿಎಂಎಸ್ ತಂಡ 2010ರಲ್ಲಿ, ತುಂಬಾ ಕಣ ಹುಟ್ಟಿದ ಪ್ರೋಟಾನ್ ಡಿಕ್ಕಿಗಳಲ್ಲೂ ದೂರದೂರದ ಜೋಡಿಗಳ ಇಂಥದ್ದೇ ಏರು ಕಂಡಿತು. 2012ರಲ್ಲಿ ಪ್ರೋಟಾನ್-ಸೀಸದ ಡಿಕ್ಕಿಯಲ್ಲೂ ಕಂಡಿತು. ಅಷ್ಟು ಚಿಕ್ಕ ಜಾಗದಲ್ಲೂ ದ್ರವವೇ, ಅಥವಾ ಅದೇ ಗುರುತನ್ನು ಬಿಡುವ ಬೇರೇನೋ? ವಾದ ನಡೆದೇ ಇದೆ. ಲೇಖನ ಅಲ್ಲಿಗೆ ನಿಲ್ಲಲಿ.

1,500 ಪದ ಮೀರಬೇಡಿ. ಬಣ್ಣಬಣ್ಣದ ಸ್ಫೋಟದ ಚಿತ್ರ ಬೇಡ. ಬಾದಾಮಿಯದೊಂದು, ಜೋಡಿಗಳ ಕೋನದ ನಕ್ಷೆಯದೊಂದು, ಕೈಯಲ್ಲಿ ಗೀಚಿ ಕಳಿಸಿದರೂ ನಮ್ಮ ಕಲಾವಿದರು ತಿದ್ದಿ ಬರೆಯುತ್ತಾರೆ. ಬರುವ ತಿಂಗಳ ಹದಿನೈದರೊಳಗೆ ತಲುಪಿದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ