ಹೊಸ ಅಕ್ವಾಪೋನಿಕ್ಸ್ (ಒಂದೇ ನೀರಿನಲ್ಲಿ ಮೀನು, ಗಿಡ ಎರಡನ್ನೂ ಬೆಳೆಸುವ) ತೊಟ್ಟಿಗೆ ಬಿಟ್ಟ ಮೀನುಮರಿಗಳು ಸಾಯುತ್ತಿರುವುದೇಕೆ?

500 ಲೀಟರ್ ತೊಟ್ಟಿ, 30 ಜಿಲೇಬಿ ಮೀನಿನ ಮರಿ, ಮೂರನೇ ದಿನದಿಂದ ಸಾವು, ನೀರು ಮಾತ್ರ ತಿಳಿಯಾಗಿದೆ ಎಂದಿದ್ದೀರಿ. ತಿಳಿನೀರನ್ನು ನಂಬಬೇಡಿ, ಮೀನಿನ ಕಸದಿಂದ ಹುಟ್ಟುವ ವಿಷ ಅಮೋನಿಯಾ ಕಣ್ಣಿಗೆ ಕಾಣುವುದಿಲ್ಲ.

ಸತ್ತ ಹೊತ್ತೇ ಮೊದಲ ಸುಳಿವು. ಬಿಟ್ಟ ಕೆಲವೇ ಗಂಟೆಗಳಲ್ಲಿ ಸತ್ತಿದ್ದರೆ ನಲ್ಲಿನೀರಿನ ಕ್ಲೋರಿನ್ ಅಥವಾ ತಾಪಮಾನ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ತಟ್ಟನೆ ಬದಲಾದದ್ದು ಕಾರಣ. ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಸಾಲದು, ಏರ್ ಪಂಪ್ ರಾತ್ರಿಯೂ ಓಡಬೇಕು. ಮೂರನೇ ದಿನದಿಂದ ಒಂದೊಂದಾಗಿ ಸಾಯುವುದು ಹೆಚ್ಚಾಗಿ ಅಮೋನಿಯಾದಿಂದ. ಅದನ್ನು ಮೊದಲು ನೈಟ್ರೈಟ್ (ಇದೂ ವಿಷ), ಆಮೇಲೆ ಗಿಡಕ್ಕೆ ಬೇಕಾದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಗಿಡ ನೆಟ್ಟ ಜಲ್ಲಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4–6 ವಾರ ಬೇಕು. ನೀವು ಅಷ್ಟು ಕಾದಿಲ್ಲ.

ಇವತ್ತೇ ಹನಿ ಹಾಕುವ ಟೆಸ್ಟ್ ಕಿಟ್‌ನಿಂದ ಅಮೋನಿಯಾ, ನೈಟ್ರೈಟ್, ಪಿಎಚ್ ಮೂರನ್ನೂ ನೋಡಿ. ಪಿಎಚ್ 7ರಿಂದ 8ಕ್ಕೆ ಏರಿದರೆ ಅಷ್ಟೇ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಪಿಎಚ್ ಹೆಚ್ಚಿರುವ ಗಡಸು ಬೋರ್‌ವೆಲ್ ನೀರಿನವರು ಇದನ್ನು ಮರೆಯಬಾರದು. ಅಮೋನಿಯಾ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ದಾಟಿದ್ದರೆ ಮೇವು ಪೂರ್ತಿ ನಿಲ್ಲಿಸಿ, ಮೂರನೇ ಒಂದು ಭಾಗ ನೀರು ಬದಲಿಸಿ. ಹೊಸ ನೀರನ್ನು 24 ಗಂಟೆ ಗಾಳಿಯಾಡಿಸಿಯೇ ಹಾಕಿ. ಮರುದಿನ ಮತ್ತೆ ಅಳೆಯಿರಿ.

ಆಗಷ್ಟೇ ಸತ್ತ ಮೀನಿನ ಕಿವಿರು ಕಂದಾಗಿದ್ದರೆ ನೈಟ್ರೈಟ್ ವಿಷ. ಲೀಟರಿಗೆ 1 ಗ್ರಾಂ, ಅಂದರೆ ಅರ್ಧ ಕಿಲೋ ಕಲ್ಲುಪ್ಪು ಕರಗಿಸಿ ನಿಧಾನಕ್ಕೆ ಬೆರೆಸಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನಲ್ಲೇ ತಡೆಯುತ್ತದೆ. ಸ್ಟ್ರಾಬೆರಿ ಇದ್ದರೆ ಮೊದಲು ತೆಗೆದಿಡಿ, ಉಪ್ಪು ತಾಳದು. ಜಲ್ಲಿಯನ್ನು ಮಾತ್ರ ತೊಳೆಯಬೇಡಿ.