ಬೋರ್ಡ್ ಕೆಟ್ಟಿಲ್ಲ, ಆರಿಸಿದ್ದೇ ತಪ್ಪು

ಪ್ರಶ್ನೆ: ಇಂಟೆಲ್ ಕೋರ್ ಐ7 13700ಕೆ ಪ್ರೊಸೆಸರನ್ನು ಬಿ760 ಮದರ್‌ಬೋರ್ಡಿಗೆ ಹಾಕಿದ್ದೇನೆ. ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಬದಲಿಸುವ ಜಾಗ) ಎಷ್ಟು ಹುಡುಕಿದರೂ ಮಲ್ಟಿಪ್ಲೈಯರ್, ಅಂದರೆ ಪ್ರೊಸೆಸರ್ ವೇಗ ನಿರ್ಧರಿಸುವ ಗುಣಕ, ಏರಿಸಲು ಆಗುತ್ತಿಲ್ಲ. ಬೋರ್ಡ್ ಕೆಟ್ಟಿದೆಯಾ? ಬೇರೆ ಯಾವುದು ಕೊಳ್ಳಲಿ?

ಉತ್ತರ: ಮಾಡೆಲ್ ನಂಬರ್ ಮಾತ್ರ ಬದಲಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಬೋರ್ಡ್ ಸರಿಯಾಗೇ ಇದೆ. ಹೆಸರಿನ ಕೊನೆಯ 'ಕೆ' ಅಂದರೆ ಪ್ರೊಸೆಸರಿಗೆ ಬೀಗ ಇಲ್ಲ ಅಂತ, ಅಷ್ಟೇ. ಚಿಪ್‌ಸೆಟ್, ಅಂದರೆ ಬೋರ್ಡಿನ ಮುಖ್ಯ ಚಿಪ್ (ನಿಮ್ಮದರಲ್ಲಿ ಬಿ760), ಕೂಡ ಒಪ್ಪಬೇಕಲ್ವಾ? ನಿಮ್ಮ ಪ್ರೊಸೆಸರಿಗೆ ಮಲ್ಟಿಪ್ಲೈಯರ್ ಏರಿಸಲು ಝಡ್690 ಅಥವಾ ಝಡ್790 ಬೇಕು. ಬಿ760ರಲ್ಲಿ ರ್ಯಾಮ್ ವೇಗ ಏರಿಸಬಹುದು, ಪ್ರೊಸೆಸರಿನದ್ದಲ್ಲ. ಮೂರಕ್ಕೂ ಸಾಕೆಟ್ ಒಂದೇ, ಎಲ್‌ಜಿಎ 1700. ಪ್ರೊಸೆಸರ್ ಸರಿಯಾಗಿ ಕೂತಿತಲ್ಲ, ಇನ್ನೇನು ಅಂತ ಜನ ಏಮಾರೋದು ಇಲ್ಲೇ.

ಹಾಗಂತ ಝಡ್ ಅಕ್ಷರ ಕಂಡ ಕೂಡಲೇ ದುಡ್ಡು ಸುರಿಯಬೇಡಿ. ನೋಡಬೇಕಾದ್ದು ವಿಆರ್‌ಎಂ, ಅಂದರೆ 12 ವೋಲ್ಟ್ ಇಳಿಸಿ ಪ್ರೊಸೆಸರಿಗೆ ಉಣಿಸುವ ಭಾಗ. ನಿಮ್ಮ 13700ಕೆ ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸೋದು) ಮಾಡದೆಯೇ 253 ವ್ಯಾಟ್ ತನಕ ಎಳೆಯುತ್ತದೆ. 1.3 ವೋಲ್ಟ್ ಅಂತ ಇಟ್ಟುಕೊಂಡರೂ ಸುಮಾರು 195 ಆಂಪಿಯರ್! ವೇಗ 5%, ಅದಕ್ಕಾಗಿ ವೋಲ್ಟೇಜ್ 10% ಏರಿಸಿದಿರಿ ಅನ್ನಿ, ವ್ಯಾಟ್ ಸುಮಾರು 27% ಜಾಸ್ತಿ ಆಗುತ್ತದೆ, ಯಾಕಂದರೆ ವೋಲ್ಟೇಜು ಲೆಕ್ಕಕ್ಕೆ ಬರೋದು ಅದರ ವರ್ಗದಲ್ಲಿ, ಅಂದರೆ ಅದನ್ನೇ ಅದರಿಂದ ಗುಣಿಸಿ. ಆ ಬಿಸಿಯನ್ನು ತಡೆಯೋದು ವಿಆರ್‌ಎಂ ಮೇಲಿನ ದಪ್ಪ ಹೀಟ್‌ಸಿಂಕು, ಬಣ್ಣದ ಲೈಟಲ್ಲ. ಡಬ್ಬಿ ಮೇಲಿನ '16 ಫೇಸ್' (ಫೇಸ್ ಅಂದರೆ ವಿಆರ್‌ಎಂನಲ್ಲಿ ಕರೆಂಟ್ ಹಂಚಿಕೊಳ್ಳುವ ಒಂದೊಂದು ಕವಲು) ಕೂಡ ಪೂರ್ತಿ ನಂಬಬೇಡಿ, ಕೆಲವು ಬೋರ್ಡಲ್ಲಿ ಎಂಟನ್ನೇ ಡಬಲ್ ಮಾಡಿ ಹದಿನಾರು ಅಂತ ಎಣಿಸಿರುತ್ತಾರೆ. ಅರ್ಧ ಗಂಟೆ ಪೂರ್ತಿ ಲೋಡ್ ಹಾಕಿ ವಿಆರ್‌ಎಂ ಬಿಸಿ ಅಳೆದ ರಿವ್ಯೂ ಇದ್ದರೆ ಅದನ್ನು ಓದಿ. ಈಗಿರುವ ರ್ಯಾಮ್ ಡಿಡಿಆರ್4 ಅಥವಾ ಡಿಡಿಆರ್5, ಯಾವುದು ಅಂತಲೂ ನೋಡಿಕೊಳ್ಳಿ. ಒಂದರ ಸ್ಲಾಟಿಗೆ ಇನ್ನೊಂದು ಕೂರೋದಿಲ್ಲ.

ನನ್ನನ್ನು ಕೇಳಿದರೆ ಬೋರ್ಡ್ ಬದಲಿಸಲೇಬೇಡಿ. ಕಂಪನಿಯವರೇ ಈ ಪ್ರೊಸೆಸರನ್ನು 5.4 ಗಿಗಾಹರ್ಟ್ಸ್ ತನಕ ಹಿಂಡಿ ಕೊಟ್ಟಿದ್ದಾರೆ, ನಿಮಗೆ ಉಳಿದಿರೋದು ಚೂರುಪಾರು. ಮೇಲಾಗಿ 13 ಮತ್ತು 14ನೇ ಪೀಳಿಗೆಯ ಕೆಲವು ಇಂಟೆಲ್ ಪ್ರೊಸೆಸರುಗಳು ಅತಿ ವೋಲ್ಟೇಜಿನಿಂದ ಹಾಳಾಗುತ್ತಿದ್ದವು, 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಸೂಚನೆಗಳು) ಅಪ್‌ಡೇಟ್ ಕೊಟ್ಟಿತು, ಅದು ಬಯೋಸ್ ಜೊತೆ ಬರುತ್ತದೆ. ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಆಗಲೇ ಹಾಳಾದ ಚಿಪ್ ಮಾತ್ರ ಅದರಿಂದ ಸರಿಹೋಗೋದಿಲ್ಲ.

ಪ್ರಶ್ನೆ: ಎ520 ಬೋರ್ಡಿನಲ್ಲಿ ರೈಜನ್ 7 5800ಎಕ್ಸ್3ಡಿ ಓವರ್‌ಕ್ಲಾಕ್ ಹೇಗೆ?

ಉತ್ತರ: ಆಗಲ್ಲ. ಬೋರ್ಡಿಗೂ ಬೀಗ, ಪ್ರೊಸೆಸರಿಗೂ ಬೀಗ.

ಪ್ರಶ್ನೆ: ಒಂದೇ ಕ್ಲಿಕ್ಕಿನಲ್ಲಿ 40% ವೇಗ ಕೊಡುವ ಸಾಫ್ಟ್‌ವೇರ್ ಸಿಕ್ಕಿದೆ, ಹಾಕಲೇ?

ಉತ್ತರ: ಹಾಕಬೇಡಿ, ಅದು ಪಾಸ್‌ವರ್ಡ್ ಕದಿಯುವಂಥದ್ದಿರಬಹುದು. ಹಾಕಿದ್ದರೆ ತೆಗೆದು ಪಾಸ್‌ವರ್ಡ್‌ಗಳನ್ನು ಬದಲಿಸಿ.

ಪ್ರಶ್ನೆ: ಓವರ್‌ಕ್ಲಾಕ್ ಮಾಡಿದ ಮೇಲೆ ಸಿನೆಬೆಂಚ್ (ಪ್ರೊಸೆಸರ್ ವೇಗ ಅಳೆಯುವ ಸಾಫ್ಟ್‌ವೇರ್) ಹತ್ತು ನಿಮಿಷ ಓಡಿತು. ಸ್ಥಿರ ಅನ್ನಬಹುದಾ?

ಉತ್ತರ: ಇಲ್ಲ. ಹಿಂದೊಮ್ಮೆ ನಾನೂ ರ್ಯಾಮ್ ವೇಗ ಏರಿಸಿ, ಹತ್ತು ನಿಮಿಷ ನೋಡಿ ಬೀಗಿದ್ದೆ. ವಾರದ ನಂತರ ಹೊಸದಾಗಿ ಮಾಡಿಟ್ಟ ಜಿಪ್ ಫೈಲ್‌ಗಳಲ್ಲಿ ಅರ್ಧ ತೆರೆಯಲೇ ಇಲ್ಲ. ರಾತ್ರಿಯಿಡೀ ರ್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ, ಆಮೇಲೆ ಪ್ರೊಸೆಸರಿಗೆ ಪೂರ್ತಿ ಲೋಡ್ ಹಾಕುವ ಪ್ರೈಮ್95. ಅದಕ್ಕೂ ಮೊದಲು ಬ್ಯಾಕಪ್ ತೆಗೆದಿಡಿ.